ರಕ್ತದ ಆಕರಕೋಶಕ್ಕೆ ಬೇಕಾದ್ದು ಹಿತಮಿತ

“ಡಾಕ್ಟ್ರೇ, ರಕ್ತ ಹೆಚ್ಚಾಗೋಕೆ ಯಾವ ಪ್ರೋಟೀನ್ ಪುಡಿ ಒಳ್ಳೇದು?” ಚೀಟಿ ಬರೆದು ಮುಗಿಸುವ ಹೊತ್ತಿಗೆ ತಪ್ಪದೆ ಕೇಳಿಬರುವ ಪ್ರಶ್ನೆ ಇದು. ಈಚೆಗೆ ಇದರ ಜೊತೆಗೆ ಮತ್ತೊಂದು ಸೇರಿಕೊಂಡಿದೆ. “ಸ್ಟೆಮ್ ಸೆಲ್ ಹೆಚ್ಚಿಸೋ ಮಾತ್ರೆ ಬಂದಿದೆಯಂತಲ್ಲ, ಅಮ್ಮನಿಗೆ ಕೊಡಿಸಬಹುದಾ?” ಎರಡು ಪ್ರಶ್ನೆಗಳ ಹಿಂದೆಯೂ ಇರುವ ನಂಬಿಕೆ ಒಂದೇ: ಒಳ್ಳೆಯದು ಎನಿಸಿಕೊಂಡ ವಸ್ತು ಹೆಚ್ಚಾದಷ್ಟೂ ಒಳ್ಳೆಯದು ಎಂಬುದು.

ನಮ್ಮ ರಕ್ತ ಹುಟ್ಟುವ ಜಾಗದಲ್ಲಿ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ರಕ್ತವನ್ನು ತಯಾರಿಸುವ ಮೂಲ ಜೀವಕೋಶಗಳು ಬದುಕಿ ಬಾಳುವುದೇ ಮಿತವಾಗಿ ಪ್ರೋಟೀನ್ ತಯಾರಿಸಿ, ತಯಾರಿಸಿದ್ದನ್ನು ಚೊಕ್ಕಟವಾಗಿಟ್ಟುಕೊಂಡು ಎಂಬುದು ಕಳೆದ ಹತ್ತು ಹನ್ನೆರಡು ವರ್ಷಗಳ ಸಂಶೋಧನೆಯಿಂದ ಸ್ಪಷ್ಟವಾಗುತ್ತಿದೆ. ಈ ವಿಷಯ ಅರ್ಥವಾದರೆ ಮೇಲಿನ ಎರಡು ಪ್ರಶ್ನೆಗಳಿಗೂ ನೀವೇ ಉತ್ತರ ಹೇಳಿಕೊಳ್ಳಬಲ್ಲಿರಿ. ಜೇಬಿನ ಹಣವೂ ಉಳಿಯುತ್ತದೆ.

ಮಜ್ಜೆಯೊಳಗಿನ ಹೆಪ್ಪು

ನಮ್ಮ ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್‌ಗಳದ್ದು ಹೆಚ್ಚೆಂದರೆ ಎಂಟು ಹತ್ತು ದಿನ. ಸತ್ತ ಕಣಗಳ ಜಾಗಕ್ಕೆ ದಿನವೂ ಹೊಸವು ಬರಬೇಕಲ್ಲವೇ? ವಯಸ್ಕರ ದೇಹದಲ್ಲಿ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ಕಣಗಳು ತಯಾರಾಗುತ್ತವೆ. ಅಂದರೆ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು. ಈ ಕಾರ್ಖಾನೆ ಇರುವುದು ಮೂಳೆಗಳ ಒಳಗಿನ ಮಜ್ಜೆಯಲ್ಲಿ.

ಇಷ್ಟೊಂದು ಕಣಗಳಿಗೆ ಮೂಲವಾದವೇ ರಕ್ತದ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು. ಇವುಗಳ ಸಂಖ್ಯೆ ಆಶ್ಚರ್ಯವಾಗುವಷ್ಟು ಕಡಿಮೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ, ಒಬ್ಬ ವ್ಯಕ್ತಿಯಲ್ಲಿ ರಕ್ತ ತಯಾರಿಕೆಯಲ್ಲಿ ತೊಡಗಿರುವ ಆಕರಕೋಶಗಳು 50,000ದಿಂದ 2 ಲಕ್ಷದಷ್ಟು ಮಾತ್ರ. ಇಂಥ ಕೋಶಗಳಿವೆ ಎಂಬುದಕ್ಕೆ ಮೊದಲ ಗಟ್ಟಿ ಸುಳಿವು ಸಿಕ್ಕಿದ್ದು 1961ರಲ್ಲಿ, ಕೆನಡಾದ ಟೊರಾಂಟೊ ನಗರದಲ್ಲಿ. ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಾಕ್ ಎಂಬ ವಿಜ್ಞಾನಿಗಳು ವಿಕಿರಣದಿಂದ ಮಜ್ಜೆ ನಾಶವಾದ ಇಲಿಗಳಿಗೆ ಬೇರೆ ಇಲಿಯ ಮಜ್ಜೆಯನ್ನು ಚುಚ್ಚಿದರು. ಆ ಇಲಿಗಳ ಗುಲ್ಮದಲ್ಲಿ ಸಣ್ಣ ಸಣ್ಣ ಗಂಟುಗಳು ಮೂಡಿದವು. ಒಂದೊಂದು ಗಂಟೂ ಒಂದೊಂದೇ ಕೋಶದಿಂದ ಬೆಳೆದದ್ದು ಎಂದು ಮುಂದೆ ಗೊತ್ತಾಯಿತು.

ಆಕರಕೋಶಕ್ಕೆ ಎರಡು ಶಕ್ತಿಗಳಿವೆ. ಒಂದು, ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮುಂತಾದ ಎಲ್ಲ ರಕ್ತಕಣಗಳಾಗಿ ಬೆಳೆಯಬಲ್ಲ ಮರಿಗಳನ್ನು ಕೊಡುವುದು. ಇನ್ನೊಂದು, ತನ್ನಂತೆಯೇ ಇರುವ ಆಕರಕೋಶವನ್ನು ಉಳಿಸಿಹೋಗುವುದು. ನಮ್ಮ ಅಡುಗೆಮನೆಯ ಮೊಸರನ್ನೇ ನೆನಪಿಸಿಕೊಳ್ಳಿ. ಇಂದಿನ ಮೊಸರನ್ನೆಲ್ಲ ಬಡಿಸಿದರೂ ಒಂದು ಚಮಚ ಹೆಪ್ಪಿಗೆಂದು ಎತ್ತಿಡುತ್ತೇವೆ. ಆ ಚಮಚ ಚೆನ್ನಾಗಿದ್ದರೆ ನಾಳೆಯ ಮೊಸರೂ ಚೆನ್ನ. ಅದೇ ಕೆಟ್ಟರೆ ಎಷ್ಟು ಒಳ್ಳೆಯ ಹಾಲು ತಂದು ಸುರಿದರೂ ಪ್ರಯೋಜನವಿಲ್ಲ. ಆಕರಕೋಶವೆಂದರೆ ರಕ್ತದ ಪಾಲಿಗೆ ಹಾಗೆ ಎತ್ತಿಟ್ಟ ಹೆಪ್ಪು. ಎಪ್ಪತ್ತು ಎಂಬತ್ತು ವರ್ಷ ಅದು ಕೆಡದೆ ಉಳಿಯಬೇಕು.

ಹೇಗೆ ಉಳಿಯುತ್ತದೆ ಎಂಬುದೇ ಪ್ರಶ್ನೆ.

ಮಡಿಕೆ ತಪ್ಪಿದರೆ

ಪ್ರೋಟೀನ್ ಎಂದೊಡನೆ ನಮಗೆ ನೆನಪಾಗುವುದು ಬೇಳೆ, ಹಾಲು, ಮೊಟ್ಟೆ. ಆದರೆ ನಾವು ತಿಂದ ಪ್ರೋಟೀನ್ ಹಾಗೆ ಹಾಗೆಯೇ ಜೀವಕೋಶದೊಳಗೆ ಹೋಗಿ ಕೂರುವುದಿಲ್ಲ. ಅದು ಹೊಟ್ಟೆ ಮತ್ತು ಕರುಳಿನಲ್ಲಿ ಅಮೈನೋ ಆಮ್ಲಗಳೆಂಬ ಬಿಡಿ ಮಣಿಗಳಾಗಿ ಒಡೆಯುತ್ತದೆ. ಪ್ರತಿ ಜೀವಕೋಶವೂ ಆ ಮಣಿಗಳನ್ನು ತನ್ನ ಜೀನುಗಳು ಹೇಳಿದ ಕ್ರಮದಲ್ಲಿ ಪೋಣಿಸಿ, ತನಗೆ ಬೇಕಾದ ಸಾವಿರಾರು ಬಗೆಯ ಪ್ರೋಟೀನ್‌ಗಳನ್ನು ತಾನೇ ಹೊಸದಾಗಿ ತಯಾರಿಸಿಕೊಳ್ಳುತ್ತದೆ. ಪೋಣಿಸುವ ಯಂತ್ರಕ್ಕೆ ರೈಬೋಸೋಮ್ ಎಂದು ಹೆಸರು.

ಪೋಣಿಸಿದರೆ ಮುಗಿಯಲಿಲ್ಲ. ಆ ಸರ ಸರಿಯಾದ ಆಕಾರಕ್ಕೆ ಮಡಿಚಿಕೊಳ್ಳಬೇಕು. ಮಡಿಕೆ ತಪ್ಪಿದ ಪ್ರೋಟೀನ್ ಕೆಲಸಕ್ಕೆ ಬಾರದು. ಅಷ್ಟೇ ಅಲ್ಲ, ಒಂದಕ್ಕೊಂದು ಅಂಟಿಕೊಂಡು ಗಂಟುಕಟ್ಟುತ್ತದೆ. ಮೊಟ್ಟೆಯ ಬಿಳಿಯ ಭಾಗ ಬಾಣಲೆಗೆ ಬೀಳುವ ಮೊದಲು ತಿಳಿಯಾಗಿರುತ್ತದೆ. ಬಿಸಿ ತಾಗಿದೊಡನೆ ಅದರ ಪ್ರೋಟೀನ್‌ಗಳ ಮಡಿಕೆ ಬಿಚ್ಚಿ, ಒಂದಕ್ಕೊಂದು ಹೆಣೆದುಕೊಂಡು ಬೆಳ್ಳಗೆ ಗಟ್ಟಿಯಾಗುತ್ತದೆ. ತಣ್ಣಗಾದ ಮಾತ್ರಕ್ಕೆ ಅದು ಮತ್ತೆ ತಿಳಿಯಾಗುವುದುಂಟೇ? ಜೀವಕೋಶದೊಳಗೂ ಸಣ್ಣ ಪ್ರಮಾಣದಲ್ಲಿ ಇಂಥದ್ದೇ ಅಪಾಯ ಸದಾ ಇರುತ್ತದೆ.

ಆದ್ದರಿಂದ ಪ್ರತಿ ಜೀವಕೋಶವೂ ಮೂರು ಕೆಲಸಗಳನ್ನು ತೂಗಿಸಿಕೊಂಡು ಹೋಗಬೇಕು. ಪ್ರೋಟೀನ್ ತಯಾರಿಸುವುದು, ಸರಿಯಾಗಿ ಮಡಿಚುವುದು, ಕೆಟ್ಟದ್ದನ್ನು ಹೊರಹಾಕುವುದು. ಈ ಮೂರರ ಹೊಂದಾಣಿಕೆಯನ್ನೇ ಪ್ರೋಟೀನ್ ಸಮತೋಲ ಎನ್ನುವುದು. ತಟ್ಟೆಯ ಪ್ರೋಟೀನ್ ಬೇರೆ, ಈ ಸಮತೋಲ ಬೇರೆ ಎಂಬುದನ್ನು ದಯವಿಟ್ಟು ನೆನಪಿಡಿ.

ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ

2014ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ರಾಬರ್ಟ್ ಸೈನರ್, ಷಾನ್ ಮಾರಿಸನ್ ಮತ್ತು ಸಂಗಡಿಗರು ಇಲಿಗಳ ಮಜ್ಜೆಯಲ್ಲಿ ಒಂದು ಜಾಣ ಪರೀಕ್ಷೆ ಮಾಡಿದರು. ಹೊಸದಾಗಿ ತಯಾರಾಗುತ್ತಿರುವ ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ, ಆಮೇಲೆ ಹೊಳೆಯುವಂತೆ ಮಾಡಬಹುದಾದ ಒಂದು ರಾಸಾಯನಿಕವನ್ನು ಬಳಸಿ, ಯಾವ ಕೋಶ ಗಂಟೆಗೆ ಎಷ್ಟು ಪ್ರೋಟೀನ್ ತಯಾರಿಸುತ್ತಿದೆ ಎಂದು ಅಳೆದರು. ಮಜ್ಜೆಯ ಬೇರೆ ಬಹುತೇಕ ಕೋಶಗಳಿಗಿಂತ ಆಕರಕೋಶದ ತಯಾರಿಕೆ ಬಹಳ ಕಡಿಮೆ ಎಂಬುದು ಕಂಡುಬಂತು.

ಇದು ಸೋಮಾರಿತನವಲ್ಲ, ಎಚ್ಚರಿಕೆ. ಏಕೆಂದರೆ ತಯಾರಿಕೆಯ ವೇಗವನ್ನು ಕೃತಕವಾಗಿ ಇನ್ನಷ್ಟು ತಗ್ಗಿಸಿದಾಗ ಆಕರಕೋಶಗಳು ಸೊರಗಿದವು. ಸರಿ, ಹೆಚ್ಚಿಸಿದರೆ? ಆಗಲೂ ಸೊರಗಿದವು! ವೇಗ ಹೆಚ್ಚಿಸುವ ಜೀನ್ ದೋಷವನ್ನು ಉಂಟುಮಾಡಿದ ಇಲಿಗಳಲ್ಲಿ ಆಕರಕೋಶಗಳು ಬರಿದಾದದ್ದಲ್ಲದೆ ರಕ್ತದ ಕ್ಯಾನ್ಸರ್ ಕೂಡ ಕಾಣಿಸಿಕೊಂಡಿತು. ಹೆಚ್ಚಿಸುವ ದೋಷ, ತಗ್ಗಿಸುವ ದೋಷ ಎರಡನ್ನೂ ಒಂದೇ ಇಲಿಯಲ್ಲಿ ಸೇರಿಸಿದಾಗ ತಕ್ಕಡಿ ಸರಿಹೋಗಿ ಆಕರಕೋಶಗಳು ಚೇತರಿಸಿಕೊಂಡವು.

ಏಕೆ ಹೀಗೆ? ಮದುವೆ ಮನೆಯ ಅಡುಗೆಯನ್ನು ನೋಡಿದ್ದೀರಲ್ಲ. ಸಾವಿರ ಜನಕ್ಕೆ ಅವಸರದಲ್ಲಿ ಬೇಯಿಸುವಾಗ ಒಂದಿಷ್ಟು ಚೆಲ್ಲುತ್ತದೆ, ಒಂದಿಷ್ಟು ಸೀಯುತ್ತದೆ. ನಡೆಯುತ್ತದೆ, ಏಕೆಂದರೆ ಅದು ಒಂದು ದಿನದ ಅಡುಗೆ. ಕೆಂಪು ಕಣವಾಗಲು ಹೊರಟ ಮರಿಕೋಶದ ಕಥೆಯೂ ಅದೇ. ಒಂದು ಕೆಂಪು ಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿರುತ್ತವೆ. ಅಷ್ಟನ್ನೂ ಕೆಲವೇ ದಿನಗಳಲ್ಲಿ ತಯಾರಿಸಿ, ನಾಲ್ಕು ತಿಂಗಳು ದುಡಿದು ಅದು ಸಾಯುತ್ತದೆ. ಆಕರಕೋಶಕ್ಕೆ ಆ ಸ್ವಾತಂತ್ರ್ಯವಿಲ್ಲ. ಅವಸರದ ತಯಾರಿಕೆಯಲ್ಲಿ ಮಡಿಕೆ ತಪ್ಪಿದ್ದೆಲ್ಲ ಅದರೊಳಗೇ ಉಳಿದು ವರ್ಷಗಟ್ಟಲೆ ಕಾಡಬಹುದು. 2020ರಲ್ಲಿ ಸೈನರ್ ಅವರ ತಂಡವೇ ಇದನ್ನು ತೋರಿಸಿಕೊಟ್ಟಿತು. ಮಡಿಕೆ ತಪ್ಪಿದ ಪ್ರೋಟೀನ್ ಸ್ವಲ್ಪವೇ ಹೆಚ್ಚಾದರೂ ಸಾಕು, ಇಲಿಯ ಆಕರಕೋಶಗಳು ತಮ್ಮಂಥ ಇನ್ನೊಂದನ್ನು ಉಳಿಸಿಹೋಗುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ.

ಕಸ ಗುಡಿಸುವ ಕೆಲಸ

ಎಷ್ಟೇ ಎಚ್ಚರದಿಂದ ಅಡುಗೆ ಮಾಡಿದರೂ ಸಿಪ್ಪೆ, ತೊಟ್ಟು ಬಂದೇ ಬರುತ್ತವೆ. ಜೀವಕೋಶದಲ್ಲಿ ಅದನ್ನು ಹೊರಹಾಕಲು ಮುಖ್ಯವಾಗಿ ಎರಡು ವ್ಯವಸ್ಥೆಗಳಿವೆ. ಮೊದಲನೆಯದು, ಕೆಟ್ಟ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಗುರುತು ಅಂಟಿಸಿ, ಪ್ರೋಟಿಯಾಸೋಮ್ ಎಂಬ ಯಂತ್ರದಲ್ಲಿ ಪುಡಿಮಾಡುವುದು. ಈ ಗುರುತಿನ ವ್ಯವಸ್ಥೆಯನ್ನು ಕಂಡುಹಿಡಿದ ಮೂವರಿಗೆ 2004ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು. ಎರಡನೆಯದು, ಕಸವನ್ನೆಲ್ಲ ಒಂದು ಚೀಲದಲ್ಲಿ ಕಟ್ಟಿ ಕೋಶವೇ ಜೀರ್ಣಿಸಿಕೊಳ್ಳುವ ಆಟೋಫೇಜಿ. ಇದರ ಬಗೆ ಬಿಡಿಸಿದ ಜಪಾನಿನ ಯೋಷಿನೋರಿ ಒಸುಮಿ ಅವರಿಗೆ 2016ರಲ್ಲಿ ವೈದ್ಯಕೀಯ ನೊಬೆಲ್ ದೊರೆಯಿತು.

2023ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಿಂದ ಬಂದ ವರದಿಯಂತೆ, ಇಲಿಯ ರಕ್ತದ ಆಕರಕೋಶಗಳು ಮುಖ್ಯವಾಗಿ ನೆಚ್ಚಿಕೊಂಡಿರುವುದು ಎರಡನೆಯ ದಾರಿಯನ್ನು. ಮಡಿಕೆ ತಪ್ಪಿದ ಪ್ರೋಟೀನ್‌ಗಳನ್ನು ಕೋಶದ ಒಂದು ಮೂಲೆಯಲ್ಲಿ ಗುಡ್ಡೆಹಾಕಿ, ಆಮೇಲೆ ಒಟ್ಟಿಗೆ ಜೀರ್ಣಿಸಿಕೊಳ್ಳುತ್ತವೆ. ಮುಪ್ಪು ಬಂದಂತೆ ಹೀಗೆ ಗುಡ್ಡೆಹಾಕುವ ಅಭ್ಯಾಸ ತಪ್ಪಿಹೋಗುತ್ತದೆ. ಕಸ ಅಲ್ಲಲ್ಲೇ ಉಳಿಯುತ್ತದೆ, ಆಕರಕೋಶದ ಕಸುವು ಕುಂದುತ್ತದೆ. ವಯಸ್ಸಾದವರಲ್ಲಿ ರಕ್ತ ತಯಾರಿಕೆ ಏಕೆ ಹದಗೆಡುತ್ತದೆ ಎಂಬುದಕ್ಕೆ ಇದೊಂದು ಕಾರಣವಿರಬಹುದು.

ಇವೆಲ್ಲ ಬಹುಪಾಲು ಇಲಿಗಳಲ್ಲಿ ಕಂಡ ಸಂಗತಿಗಳು. ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲೂ ಔಷಧವಾಗಿ ಬರಲು ಬಹಳ ವರ್ಷ ಬೇಕು, ಎಷ್ಟೋ ಸಲ ಬರುವುದೇ ಇಲ್ಲ. ಆದರೂ ಪ್ರೋಟೀನ್ ಸಮತೋಲ ತಪ್ಪಿದರೆ ರಕ್ತಕ್ಕೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರೋಗಿಗಳಲ್ಲೇ ಸಾಕಷ್ಟು ಉದಾಹರಣೆಗಳಿವೆ.

ರೋಗಿಗಳು ಕಲಿಸುವ ಪಾಠ

ಡೈಮಂಡ್-ಬ್ಲ್ಯಾಕ್‌ಫ್ಯಾನ್ ರಕ್ತಹೀನತೆ ಎಂಬ ಅಪರೂಪದ ಕಾಯಿಲೆಯೊಂದಿದೆ. ಹುಟ್ಟಿದ ವರ್ಷದೊಳಗೇ ಮಗು ಬಿಳಿಚಿಕೊಳ್ಳುತ್ತದೆ. 1938ರಲ್ಲೇ ವೈದ್ಯರು ಇದನ್ನು ವಿವರಿಸಿದ್ದರೂ ಮೂಲ ಕಾರಣ ತಿಳಿಯತೊಡಗಿದ್ದು 1999ರಲ್ಲಿ. ದೋಷವಿದ್ದುದು ರೈಬೋಸೋಮಿನ ಒಂದು ಭಾಗವನ್ನು ರೂಪಿಸುವ ಜೀನಿನಲ್ಲಿ! ಅಂದರೆ ಪ್ರೋಟೀನ್ ಪೋಣಿಸುವ ಯಂತ್ರವೇ ಕುಂಟಿದರೆ ಮೊದಲು ಬಾಡುವುದು ರಕ್ತ.

ಥಲಸ್ಸೇಮಿಯಾ ಇನ್ನೂ ಹತ್ತಿರದ ಉದಾಹರಣೆ. ಹಿಮೋಗ್ಲೋಬಿನ್ ಅಣುವಿನಲ್ಲಿ ಆಲ್ಫಾ ಎಂಬ ಎರಡು ಸರ, ಬೀಟಾ ಎಂಬ ಎರಡು ಸರ ಜೋಡಿಯಾಗಿರುತ್ತವೆ. ಬೀಟಾ ಥಲಸ್ಸೇಮಿಯಾದಲ್ಲಿ ಬೀಟಾ ಸರದ ತಯಾರಿಕೆ ಕುಸಿದಿರುತ್ತದೆ. ಜೋಡಿ ಸಿಗದ ಆಲ್ಫಾ ಸರಗಳು ಗಂಟುಕಟ್ಟಿ, ಬೆಳೆಯುತ್ತಿರುವ ಕೆಂಪು ಕಣವನ್ನು ಮಜ್ಜೆಯಲ್ಲೇ ಕೊಲ್ಲುತ್ತವೆ. ಇಲ್ಲಿ ಸಮತೋಲ ತಪ್ಪುವುದು ಆಕರಕೋಶದಲ್ಲಲ್ಲ, ಅದರ ಮರಿಗಳಲ್ಲಿ. ಪಾಠ ಮಾತ್ರ ಒಂದೇ: ಕೊರತೆಯಷ್ಟೇ ಅಪಾಯ, ಜೋಡಿಯಿಲ್ಲದ ಹೆಚ್ಚಳವೂ.

ಈ ತಿಳಿವಳಿಕೆ ಔಷಧವಾಗಿಯೂ ಬಂದಿದೆ. ಮಲ್ಟಿಪಲ್ ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರಿನಲ್ಲಿ ರೋಗಗ್ರಸ್ತ ಕೋಶಗಳು ಒಂದೇ ಸಮನೆ ಪ್ರೋಟೀನ್ ತಯಾರಿಸುತ್ತಿರುತ್ತವೆ. ಅವುಗಳ ಪ್ರೋಟಿಯಾಸೋಮ್ ಯಂತ್ರವನ್ನು ನಿಲ್ಲಿಸಿದರೆ ತಮ್ಮ ಕಸದಲ್ಲಿ ತಾವೇ ಮುಳುಗಿ ಸಾಯುತ್ತವೆ. 2003ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಬೋರ್ಟೆಜೋಮಿಬ್ ಮಾಡುವುದು ಇದನ್ನೇ. ಇಂದು ನಮ್ಮಲ್ಲೂ ಇದು ವಾಡಿಕೆಯ ಔಷಧ.

ಡಬ್ಬಿಗೂ ಆಕರಕೋಶಕ್ಕೂ ನಂಟಿಲ್ಲ

ಈಗ ಮೊದಲ ಪ್ರಶ್ನೆಗೆ ಬರೋಣ. ಆಕರಕೋಶ ಎಷ್ಟು ಪ್ರೋಟೀನ್ ತಯಾರಿಸಬೇಕು ಎಂಬುದನ್ನು ನಿರ್ಧರಿಸುವುದು ಅದರ ಒಳಗಿನ ನಿಯಂತ್ರಣ. ನೀವು ಹಾಲಿಗೆ ಎರಡು ಚಮಚ ಪುಡಿ ಹೆಚ್ಚು ಬೆರೆಸಿದಿರಿ ಎಂದು ಅದು ಹೆಚ್ಚು ರಕ್ತ ಕೊಡುವುದಿಲ್ಲ. ಅಗತ್ಯ ಮೀರಿದ ಪ್ರೋಟೀನನ್ನು ಯಕೃತ್ತು ಒಡೆದು, ಅದರ ಸಾರಜನಕವನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಕಳಿಸುತ್ತದೆ. ಉಳಿದದ್ದು ಶಕ್ತಿಗೆ ಬಳಕೆಯಾಗುತ್ತದೆ, ಇಲ್ಲವೇ ಕೊಬ್ಬಾಗಿ ಕೂರುತ್ತದೆ.

ಹಾಗೆಂದು ಊಟದ ಪ್ರೋಟೀನ್ ಬೇಡವೆಂದಲ್ಲ. ತೀರಾ ಅಪೌಷ್ಟಿಕತೆಯಿಂದ ಬಳಲುವ ಮಕ್ಕಳಲ್ಲಿ ಮಜ್ಜೆಯೂ ಸೊರಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿರುವಂತೆ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ದೇಹತೂಕದ ಕಿಲೋಗೆ 0.83 ಗ್ರಾಂ ಪ್ರೋಟೀನ್ ಸಾಕು. 60 ಕಿಲೋ ತೂಗುವವರಿಗೆ 50 ಗ್ರಾಂ ಆಯಿತು. ಬೇಳೆಯ ಸಾರು, ಹುರುಳಿ ಉಸಲಿ, ಹೆಸರುಕಾಳು, ಮೊಸರು, ಕಡಲೆಕಾಯಿ, ತಿನ್ನುವವರಾದರೆ ಮೊಟ್ಟೆ, ಮೀನು ಇದ್ದರೆ ಇದು ಮನೆಯೂಟದಲ್ಲೇ ಸಿಗುತ್ತದೆ. ದೇಹ ಬೆಳೆಸಲೆಂದು ಪ್ರೋಟೀನ್ ಪುಡಿ ಸೇವಿಸಬೇಡಿ ಎಂದು 2024ರ ಮೇ ತಿಂಗಳಲ್ಲಿ ಇದೇ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಮೂತ್ರಪಿಂಡದ ತೊಂದರೆ ಇದ್ದವರಂತೂ ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಎರಡನೆಯ ಪ್ರಶ್ನೆ, ಸ್ಟೆಮ್ ಸೆಲ್ ಹೆಚ್ಚಿಸುವ ಮಾತ್ರೆ. ಆಕರಕೋಶವನ್ನು ಕೆಣಕಿ ವೇಗ ಹೆಚ್ಚಿಸಿದರೆ ಇಲಿಗಳಲ್ಲಿ ಏನಾಯಿತೆಂದು ಓದಿದಿರಷ್ಟೆ. ಹೆಪ್ಪು ಹೆಚ್ಚು ಕಾಲ ಬಾಳುವುದೇ ಅದನ್ನು ತಣ್ಣಗೆ ಬಿಟ್ಟಾಗ. ಆರೋಗ್ಯವಂತರ ರಕ್ತದ ಆಕರಕೋಶವನ್ನು ಬಲಪಡಿಸುತ್ತದೆ ಎಂದು ಸಾಬೀತಾದ ಯಾವ ಮಾತ್ರೆಯೂ ಇಂದು ಇಲ್ಲ. ಆಟೋಫೇಜಿ ಹೆಚ್ಚಾಗಲೆಂದು ದಿನಗಟ್ಟಲೆ ಉಪವಾಸ ಮಾಡಿಸುವ ಹೊಸ ಗೀಳಿಗೂ ಇದೇ ಮಾತು. ಏಕಾದಶಿಯ ಉಪವಾಸ ನಿಮ್ಮ ಶ್ರದ್ಧೆಯ ವಿಷಯ, ಮಾಡಿ. ಮಜ್ಜೆ ಶುದ್ಧಿಯಾಗುತ್ತದೆಂದು ಹೇಳಿ ಸಕ್ಕರೆ ಕಾಯಿಲೆಯವರನ್ನು, ಬಸುರಿಯರನ್ನು, ಬೆಳೆಯುವ ಮಕ್ಕಳನ್ನು ಮಾತ್ರ ಹಸಿವಿನಲ್ಲಿಡಬೇಡಿ.

ಸ್ಟೆಮ್ ಸೆಲ್ ಹೆಸರಿನಲ್ಲಿ ಮಂಡಿನೋವಿನಿಂದ ಹಿಡಿದು ಮಕ್ಕಳ ಆಟಿಸಂವರೆಗೆ ಚಿಕಿತ್ಸೆ ಕೊಡುತ್ತೇವೆ ಎನ್ನುವವರ ವಿಷಯದಲ್ಲೂ ಎಚ್ಚರವಿರಲಿ. ಅಂಗೀಕೃತವಾದ ರಕ್ತದ ಕಾಯಿಲೆ ಮುಂತಾದವುಗಳ ಹೊರತು ಬೇರೆಡೆ ಸ್ಟೆಮ್ ಸೆಲ್ ಬಳಕೆ ಸಂಶೋಧನೆಯ ಚೌಕಟ್ಟಿನೊಳಗೆ ಮಾತ್ರ ನಡೆಯಬೇಕು ಎಂದು 2017ರ ರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಸಂಶೋಧನೆಯಲ್ಲಿ ಭಾಗವಹಿಸುವವರಿಂದ ಹಣ ವಸೂಲಿ ಮಾಡುವಂತಿಲ್ಲ. ಲಕ್ಷಗಟ್ಟಲೆ ಕೇಳಿದರೆಂದರೆ ಅಲ್ಲಿಂದ ಎದ್ದು ಬನ್ನಿ.

ನಿಜವಾಗಿ ಮಾಡಬೇಕಾದ್ದು

ಡಬ್ಬಿಗೆ ಸುರಿಯುವ ಹಣ ಮತ್ತು ಗಮನವನ್ನು ಎಲ್ಲಿ ತಿರುಗಿಸಬೇಕು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿದೆ. ಇವರಲ್ಲಿ ಬಹಳಷ್ಟು ಮಂದಿಯ ಆಕರಕೋಶಗಳು ಚೆನ್ನಾಗಿಯೇ ಇವೆ. ಕೊರತೆ ಇರುವುದು ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಜೀವಸತ್ವದಂಥ ಕಚ್ಚಾ ಸಾಮಗ್ರಿಗೆ, ಅಥವಾ ರಕ್ತ ಎಲ್ಲೋ ಸೋರಿಹೋಗುತ್ತಿದೆ. ಅತಿಯಾದ ಮುಟ್ಟು, ಮೂಲವ್ಯಾಧಿ, ಕೊಕ್ಕೆಹುಳು, ಹೊಟ್ಟೆಯ ಹುಣ್ಣು ಇದ್ದೀತು. ಟಾನಿಕ್ ಕುಡಿಯುವ ಮೊದಲು ಕಾರಣ ಹುಡುಕಿಸಿ. ವೈದ್ಯರು ಕಬ್ಬಿಣದ ಮಾತ್ರೆ ಕೊಟ್ಟಿದ್ದರೆ ಊಟದ ಜೊತೆಗೇ ಕಾಫಿ, ಟೀ ಕುಡಿಯಬೇಡಿ. ಅದು ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ.

ಕಬ್ಬಿಣದ ಮಾತ್ರೆ ತಿಂಗಳುಗಟ್ಟಲೆ ನುಂಗಿದರೂ ಹಿಮೋಗ್ಲೋಬಿನ್ ಏರದೆ, ರಕ್ತ ಪರೀಕ್ಷೆಯಲ್ಲಿ ಕೆಂಪು ಕಣಗಳು ಚಿಕ್ಕದಾಗಿಯೇ ಕಂಡರೆ ಥಲಸ್ಸೇಮಿಯಾ ವಾಹಕರೇ ಎಂದು ನೋಡಿಸಬೇಕು. ಭಾರತದಲ್ಲಿ ಸರಾಸರಿ ಶೇಕಡಾ 3ರಿಂದ 4 ಮಂದಿ ವಾಹಕರು. ಅವರಿಗೆ ಯಾವ ತೊಂದರೆಯೂ ಇರುವುದಿಲ್ಲ. ಆದರೆ ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ತೀವ್ರ ಕಾಯಿಲೆ ಬರುವ ಸಂಭವವಿದೆ. ಅಂಥ ಮಗುವಿಗೆ ಜೀವನವಿಡೀ ಎರಡು ಮೂರು ವಾರಕ್ಕೊಮ್ಮೆ ರಕ್ತ ಕೊಡಿಸಬೇಕಾಗುತ್ತದೆ. ಜಾತಕ ನೋಡುವವರು ಒಂದು ಎಚ್‌ಬಿಎ2 ಪರೀಕ್ಷೆಯ ಚೀಟಿಯನ್ನೂ ನೋಡಿದರೆ ಎಷ್ಟೋ ಮನೆಗಳ ಕಣ್ಣೀರು ತಪ್ಪುತ್ತದೆ. ಮದುವೆಗೆ ಮುಂಚೆ ಆಗದಿದ್ದರೆ ಬಸಿರಿನ ಮೊದಲ ತಿಂಗಳುಗಳಲ್ಲಾದರೂ ಆಗಲಿ.

ಮತ್ತೊಂದು ಮಾತು. ಬಿಳಿಚಿಕೊಳ್ಳುವುದರ ಜೊತೆಗೆ ಬಿಡದ ಜ್ವರ, ವಸಡಿನಲ್ಲಿ ರಕ್ತ, ಪೆಟ್ಟಿಲ್ಲದೆ ಮೈಮೇಲೆ ನೀಲಿ ಕಲೆ ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ಪೂರ್ಣ ರಕ್ತಕಣ ಎಣಿಕೆ ಮಾಡಿಸಿ. ಮಜ್ಜೆಯ ಕಾಯಿಲೆಗಳ ಮೊದಲ ಸುಳಿವು ಬಹುತೇಕ ಸಿಗುವುದು ಈ ಸರಳ ಪರೀಕ್ಷೆಯಲ್ಲೇ.

ಆಕರಕೋಶವನ್ನು ಪ್ರಯೋಗಾಲಯದಲ್ಲಿ ಬೆಳೆಸಿಕೊಂಡರಾಯಿತಲ್ಲ ಎನ್ನಬಹುದು. ಆದರೆ ದೇಹದ ಹೊರಗೆ ಬಟ್ಟಲಿನಲ್ಲಿ ಬೆಳೆಸಲು ಹೋದರೆ ಅವುಗಳ ಪ್ರೋಟೀನ್ ತಯಾರಿಕೆ ಏರಿ, ಸಮತೋಲ ಕೆಟ್ಟು, ಆಕರಕೋಶದ ಗುಣವೇ ಅಳಿಯತೊಡಗುತ್ತದೆ. ಈ ಒತ್ತಡವನ್ನು ತಗ್ಗಿಸುವ ದಾರಿಗಳ ಬಗ್ಗೆ 2021ರಲ್ಲೂ ಇಲಿಗಳಲ್ಲಿ ಆಶಾದಾಯಕ ಫಲಿತಾಂಶಗಳು ಬಂದಿವೆ. ಅದು ಕೈಗೂಡುವವರೆಗೆ ರಕ್ತದ ಕ್ಯಾನ್ಸರ್, ಥಲಸ್ಸೇಮಿಯಾ ರೋಗಿಗಳಲ್ಲಿ ಅನೇಕರಿಗೆ ಇನ್ನೊಬ್ಬ ಮನುಷ್ಯನ ಮಜ್ಜೆಯೇ ಗತಿ. ನಮ್ಮ ದೇಶದಲ್ಲಿ ಮಜ್ಜೆಯ ಕಸಿ ಆರಂಭವಾದದ್ದು 1983ರಲ್ಲಿ, ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. ಇಂದು ಬೆಂಗಳೂರಿನಲ್ಲೂ ನಡೆಯುತ್ತದೆ. ಕೊರತೆ ಇರುವುದು ದಾನಿಗಳಿಗೆ. ಒಡಹುಟ್ಟಿದವರಲ್ಲೂ ಪೂರ್ಣ ಹೊಂದಾಣಿಕೆ ಸಿಗುವ ಸಂಭವ ನಾಲ್ಕರಲ್ಲಿ ಒಂದು ಮಾತ್ರ.

ಹದಿನೆಂಟು ದಾಟಿದ ಆರೋಗ್ಯವಂತರು ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಸವರಿ ಕೊಟ್ಟು ದಾನಿಯಾಗಿ ಹೆಸರು ನೋಂದಾಯಿಸಬಹುದು. ಯಾರಿಗಾದರೂ ಹೊಂದಿದರೆ ಬಹುತೇಕ ತೋಳಿನ ರಕ್ತನಾಳದ ಮೂಲಕವೇ ಆಕರಕೋಶಗಳನ್ನು ಬೇರ್ಪಡಿಸಿಕೊಳ್ಳುತ್ತಾರೆ. ಕೊಟ್ಟಷ್ಟನ್ನು ನಿಮ್ಮ ಮಜ್ಜೆ ಕೆಲವೇ ವಾರಗಳಲ್ಲಿ ತುಂಬಿಕೊಳ್ಳುತ್ತದೆ. ಪಕ್ಕದ ಮನೆಗೆ ಒಂದು ಚಮಚ ಹೆಪ್ಪು ಕೊಟ್ಟರೆ ನಮ್ಮ ಮನೆಯ ಮೊಸರು ಕಡಿಮೆಯಾಗುವುದಿಲ್ಲವಲ್ಲ, ಹಾಗೆ. ಮನೆಯ ಮಕ್ಕಳು ಹದಿನೆಂಟು ತುಂಬಿದ ದಿನ ಕೇಕ್ ಕತ್ತರಿಸಿದ ಮೇಲೆ ಈ ವಿಷಯವನ್ನೂ ಮಾತನಾಡಿ.